ಮೋರಿಗೆ ಸುರಿಯುವ ಮುನ್ನ, ಕಡಲಿಗೆ ಹೊರಡುವ ಮುನ್ನ

ಕೆಂಗೇರಿ ಉಪನಗರದಲ್ಲಿ ಇರುವವರಿಗೆ ಕಡಲ ದಂಡೆಯ ಚಿಂತೆ ಯಾಕೆ ಎಂದು ಕೇಳಬೇಡಿ. ನಿಮ್ಮ ಬೀದಿಯ ಮೋರಿ ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಬೈರಮಂಗಲದ ಕೆರೆ ಹಾದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ, ಕಾವೇರಿ ಪೂಂಪುಹಾರದ ಬಳಿ ಬಂಗಾಳ ಕೊಲ್ಲಿಗೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮಳೆ ಬಂದಾಗ ನೀವು ಮೋರಿಗೆ ತಳ್ಳುವ ಹಾಲಿನ ಕವರು, ಪೂಜೆಯ ಹೂವು ತುಂಬಿದ ಪ್ಲಾಸ್ಟಿಕ್ ಚೀಲ ಇದೇ ದಾರಿ ಹಿಡಿಯುತ್ತವೆ. ನಡುವಿನ ಕೆರೆ, ಅಣೆಕಟ್ಟುಗಳಲ್ಲಿ ಸಿಕ್ಕಿಕೊಂಡದ್ದು ಅಲ್ಲಿಯವರ ಪಾಲು, ಉಳಿದದ್ದು ಕಡಲಿನ ಪಾಲು. ಕಸದ ಗಾಡಿ ತಪ್ಪಿಹೋಯಿತೆಂದು ಕವರು ಕಟ್ಟಿ ರಾಜಕಾಲುವೆಯ ಬದಿಗೆ ಇಟ್ಟು ಬರುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಣ ಕಸ ಎರಡು ದಿನ ಮನೆಯಲ್ಲಿದ್ದರೆ ಕೊಳೆಯುವುದಿಲ್ಲ.

ಇನ್ನು ಮನೆ ಕಟ್ಟಿಸುವವರಿಗೆ ಒಂದು ಮಾತು. ಕಡಲ ದಂಡೆಯಿಂದ ಅಲೆ ಎಳೆದುಕೊಂಡು ಹೋದ ಮರಳಿನ ಜಾಗಕ್ಕೆ ಹೊಸ ಮರಳು ತಂದು ತುಂಬುವವು ನದಿಗಳು. ಅರ್ಧ ಮರಳನ್ನು ಅಣೆಕಟ್ಟು ತಡೆದು, ಅರ್ಧವನ್ನು ಲಾರಿ ಹೊತ್ತರೆ ದಂಡೆ ಕರಗದೆ ಏನಾದೀತು? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಬಿಲ್ಲಿಲ್ಲದೆ ರಾತ್ರಿ ಬಂದಿಳಿಯುವ ಹೊಳೆ ಮರಳಿಗೆ ಒಪ್ಪಬೇಡಿ. ಎಂ-ಸ್ಯಾಂಡ್‌ನಲ್ಲೇ ಗೋಡೆ ಗಟ್ಟಿಯಾಗಿ ಏಳುತ್ತದೆ, ಮೇಸ್ತ್ರಿ ಗೊಣಗಿದರೂ ಪಟ್ಟು ಬಿಡಬೇಡಿ.

ಕಡಲ್ಕೊರೆತಕ್ಕೆ ಸರ್ಕಾರ ಕಲ್ಲು ಹಾಕುತ್ತದಲ್ಲ ಎನ್ನುತ್ತೀರಿ. ಕಲ್ಲು ಹಾಕಿದ ಕಡೆ ಮನೆ ಉಳಿದರೂ ಅಲೆ ತನ್ನ ಬಿರುಸನ್ನು ಪಕ್ಕದ ದಂಡೆಯ ಮೇಲೆ ತೀರಿಸಿಕೊಳ್ಳುತ್ತದೆ. ಅದಕ್ಕೇ ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಡಿ ಸಮುದ್ರದೊಳಗೇ ರೀಫ್ (ಕೃತಕ ಬಂಡೆಸಾಲು) ಕಟ್ಟಿ ಅಲೆಯನ್ನು ದೂರದಲ್ಲೇ ಮುರಿಯುವ ಕೆಲಸ ಮಾಡಿದರು. ಇಷ್ಟೆಲ್ಲ ಹಣ ಸುರಿಯುವಾಗ ನೀವು 'ಬೀಚ್ ವ್ಯೂ' ಎಂಬ ಬಣ್ಣದ ಕರಪತ್ರ ನೋಡಿ ದಂಡೆಯ ಮೇಲೇ ಸೈಟು ಕೊಳ್ಳಲು ಮುಂಗಡ ಕೊಟ್ಟುಬಿಡಬೇಡಿ. ಉಬ್ಬರದ ರೇಖೆಯಿಂದ 500 ಮೀಟರ್‌ವರೆಗಿನ ಜಾಗಕ್ಕೆ 1991ರಿಂದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವಿದೆ, 2019ರಲ್ಲಿ ಅದನ್ನು ಬದಲಿಸಿದ್ದಾರೆ. ಮೊದಲು ನಕ್ಷೆ ತೆಗೆಸಿ ನೋಡಿ. ಏಜೆಂಟರ ಮಾತು ಆಮೇಲೆ. ಅಲ್ಲೇ ಹುಟ್ಟಿ ಬೆಳೆದ ಮೀನುಗಾರರನ್ನು ಕೇಳಿದರೆ ಹತ್ತು ವರ್ಷದ ಹಿಂದೆ ನೀರು ಎಲ್ಲಿತ್ತೆಂದು ಕೈ ತೋರಿಸಿ ಹೇಳುತ್ತಾರೆ.

ರಜೆ ಬಂತೆಂದರೆ ಗೋಕರ್ಣ, ಮುರುಡೇಶ್ವರ ಎಂದು ಹೊರಡುತ್ತೀರಿ. ಹೋಗಿ, ಸಂತೋಷ. ಆದರೆ ಮಳೆಗಾಲದಲ್ಲಿ ನೀರಿಗಿಳಿಯಬೇಡಿ. ಹುಟ್ಟಾ ಕಡಲ ಮಕ್ಕಳೇ ಆಗ ದೋಣಿ ದಡಕ್ಕೆಳೆಯುತ್ತಾರೆ, ನಿಮ್ಮದೇನು ಹಟ? ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಂಥ ಜಾಗದಲ್ಲಿ ಮಂಡಕ್ಕಿ ಪೊಟ್ಟಣ ಎಸೆದು ಬರುವುದು ನಿಮಗೆ ಶೋಭೆಯೇ? ಮನೆಯಿಂದಲೇ ಒಂದು ಚೀಲ ಒಯ್ದು ಕಸವನ್ನು ಅದರಲ್ಲೇ ವಾಪಸು ತನ್ನಿ. ಮರಳ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿ ಬರೀ ಕಳೆಯಲ್ಲ, ಮರಳು ಹಾರಿಹೋಗದಂತೆ ಹಿಡಿದಿಡುವುದೇ ಅದು. ಅದರ ಮೇಲೆ ಕಾರು ಓಡಿಸಬೇಡಿ.

ಚಳಿಗಾಲದಲ್ಲಿ ಹೋದರೆ ರಾತ್ರಿ ದಂಡೆಯಲ್ಲಿ ಟಾರ್ಚು, ಹಾಡಿನ ಗದ್ದಲ ಬೇಡ. ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡಲು ಬರುವ ಹೊತ್ತು ಅದು. ಬೆಳಕು ಕಂಡರೆ ತಿರುಗಿ ಹೋಗುತ್ತದೆ. ಹೊನ್ನಾವರ, ಕುಂದಾಪುರದ ಕಡೆ ಮೀನುಗಾರರೂ ಅರಣ್ಯ ಇಲಾಖೆಯವರೂ ಸೇರಿ ಗೂಡುಗಳಿಗೆ ಬಲೆ ಕಟ್ಟಿ ಕಾವಲು ಕಾಯುತ್ತಾರೆ. ನಿಮಗೆ ಹೊಸ ಗೂಡು ಕಂಡರೆ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. ಹತ್ತಿರದ ಮೀನುಗಾರರ ಮನೆಗೆ ಹೋಗಿ ಹೇಳಿ, ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.