ಮುಟ್ಟು ತಪ್ಪುವದಕ್ಕೆ ಕಾರಣಗಳು

ನಮ್ಮ ಶಾಲೆಯಲ್ಲಿ ಕಲಿತುಹೋದ ಸೋದರಿಯರಲ್ಲಿ ಅನೇಕರು ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮೈನೆರೆದ ಹೆಣ್ಣುಮಕ್ಕಳ ತಾಯಂದಿರಾಗಿರುವರು. ಮಗಳ ಮುಟ್ಟು ತಪ್ಪಿದರೆ ಕೆಲವು ಮನೆಗಳಲ್ಲಿ ಸಂಶಯದ ಮಾತು ಏಳುವದು. ಕೆಲವು ಮನೆಗಳಲ್ಲಿ ಎಲ್ಲರೂ ಸುಮ್ಮನಾಗುವರು. ಎರಡರಿಂದಲೂ ಹಾನಿಯೇ. ಆದಕಾರಣ ಇದರ ಕಾರಣಗಳನ್ನು ಇಲ್ಲಿ ಕ್ರಮವಾಗಿ ತಿಳಿಸುವೆವು.

ಮೊದಲು ಸಹಜವಾದವುಗಳು. ಮೈನೆರೆದ ಮೇಲೆ ಎರಡು-ಮೂರು ವರುಷ ಮುಟ್ಟು ಕ್ರಮತಪ್ಪಿ ಬರುವದುಂಟು. ಆಗ 21ರಿಂದ 45 ದಿನಗಳ ಅಂತರವು ಸಹಜವೇ. ಪ್ರಾಯದ ಸ್ತ್ರೀಯರಲ್ಲಿ ಈ ಅಂತರವು 21ರಿಂದ 35 ದಿನ. ಬಸಿರು, ಮೊಲೆಯೂಡಿಸುವ ಕಾಲ, ಐವತ್ತರ ಸುಮಾರಿಗೆ ಮುಟ್ಟು ನಿಲ್ಲುವ ಕಾಲ ಇವು ರೋಗಗಳಲ್ಲ. ಮದುವೆಯಾದವಳು ಮೊದಲು ಮೂತ್ರಪರೀಕ್ಷೆಯಿಂದ ಬಸಿರನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಬಾಣಂತಿಗೆ ಮುಟ್ಟು ಮರಳುವ ಮುಂಚೆಯೇ ಮತ್ತೆ ಬಸಿರಾಗಬಹುದೆಂಬುದನ್ನೂ ಮರೆಯಬಾರದು.

ಎರಡನೆಯದು, ದೇಹದ ಬಡತನ. ಅರೆಹೊಟ್ಟೆಯಲ್ಲಿ ಕಬ್ಬಿನ ಹೊಲದಲ್ಲಾಗಲಿ ಮಗ್ಗದ ಮುಂದಾಗಲಿ ದುಡಿದು ಕೃಶಳಾದವಳಲ್ಲಿ, ತೆಳ್ಳಗಾಗಲೆಂದು ಊಟ ಬಿಟ್ಟವಳಲ್ಲಿ, ಪರೀಕ್ಷೆಯ ಚಿಂತೆಯಿಂದಲೋ ದುಃಖದಿಂದಲೋ ಬಳಲಿದವಳಲ್ಲಿ, ಮೆದುಳು ಅಂಡಾಶಯಕ್ಕೆ ಕಳಿಸುವ ಸೂಚನೆಯು ಕುಂದುವದು. ಇವರಿಗೆ ಬೈಗಳು ಮದ್ದಲ್ಲ. ಅನ್ನ, ವಿಶ್ರಾಂತಿ, ಸಮಾಧಾನಗಳೇ ಮದ್ದು.

ಮೂರನೆಯದು, ರೋಗಗಳು. ಪಿ.ಸಿ.ಓ.ಎಸ್. ಎಂಬುದರಲ್ಲಿ ಅಂಡವು ಸಕಾಲಕ್ಕೆ ಹೊರಬೀಳದು. ಮುಖದಲ್ಲಿ ಮೊಡವೆ, ಕೂದಲು, ಹಲವರಲ್ಲಿ ಮೈಬೊಜ್ಜು ಕಾಣುವವು. ಥಾಯರಾಯ್ಡ ಗ್ರಂಥಿಯ ದೋಷದಿಂದಲೂ ಗರ್ಭಕೋಶದ ಕ್ಷಯದಿಂದಲೂ ಮುಟ್ಟು ನಿಲ್ಲುವದುಂಟು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ, ಎದೆಹಾಲೂ ಬಾರದೆ, ಮುಟ್ಟೂ ಬಾರದಿದ್ದರೆ ಮೆದುಳಿನ ಬುಡದ ಗ್ರಂಥಿಗೆ ಪೆಟ್ಟಾಗಿರಬಹುದು. ಜಾತ್ರೆ, ಪೂಜೆಗಳಿಗಾಗಿ ಮುಟ್ಟನ್ನು ಮುಂದೂಡಲು ವೈದ್ಯರನ್ನು ಕೇಳದೆ ಗುಳಿಗೆ ನುಂಗುವದರಿಂದಲೂ ಕ್ರಮ ಕೆಡುವದು.

15 ವರುಷ ತುಂಬಿದರೂ ಮೈನೆರೆಯದಿದ್ದರೆ, ಕ್ರಮವಾಗಿ ಬರುತ್ತಿದ್ದುದು 3 ತಿಂಗಳು ನಿಂತರೆ, ವೈದ್ಯರಿಗೆ ತೋರಿಸತಕ್ಕದ್ದು. ಸ್ರಾವವಿಲ್ಲದೆ ತಿಂಗಳು ತಿಂಗಳಿಗೆ ಹೊಟ್ಟೆ ನೋಯುವ ಹುಡುಗಿಗೆ ದಾರಿಯೇ ಮುಚ್ಚಿರಬಹುದು. ಮುಟ್ಟು ತಪ್ಪಿದವಳಿಗೆ ಕೆಳಹೊಟ್ಟೆಯಲ್ಲಿ ತೀವ್ರ ನೋವು, ತಲೆಸುತ್ತು ಬಂದರೆ ಬಸಿರು ನಳಿಕೆಯಲ್ಲಿ ನಿಂತಿರಬಹುದು. ಒಂದು ತಾಸೂ ತಡೆಯದೆ ದವಾಖಾನೆಗೆ ಒಯ್ಯಬೇಕು.

ಗರ್ಭಕೋಶವನ್ನೇ ತೆಗೆಸಿಬಿಡಿರೆಂಬ ಸಲಹೆಗೆ ಒಡನೆ ಒಪ್ಪಬಾರದು. ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಅನೇಕ ಸ್ತ್ರೀಯರು ಎಳೆವಯಸ್ಸಿನಲ್ಲಿಯೇ ಹಾಗೆ ಮಾಡಿಸಿಕೊಂಡಿದ್ದರೆಂಬುದು 2019ರಲ್ಲಿ ನಾಡಿಗೆಲ್ಲ ತಿಳಿದುಬಂದಿತು. ಎರಡನೆಯ ವೈದ್ಯರ ಅಭಿಪ್ರಾಯವನ್ನು ಕೇಳುವದು ವಿವೇಕ.

ತಾಯಂದಿರೇ, ಗೋಡೆಯ ಕ್ಯಾಲೆಂಡರಿನ ಮೇಲೆ ಮಗಳು ತನ್ನ ದಿನಗಳನ್ನು ಗುರುತಿಸಿಡುವಂತೆ ಕಲಿಸಿರಿ. ವೈದ್ಯರು ಕೇಳುವ ಮೊದಲನೆಯ ಪ್ರಶ್ನೆಗೆ ಅದೇ ಉತ್ತರ.