ಕಡಲಾಚೆಯ ಮೊದಲ ದಿನ: ಗಾಯನ ವೃಂದದವರಿಗೆ ಒಂದು ಪಾಠ



ನಿಮ್ಮ ಧರ್ಮಕೇಂದ್ರದ ಗಾಯನ ವೃಂದಕ್ಕೆ ಕೊಲ್ಲಿ ದೇಶದಿಂದ ಕರೆ ಬಂದಿದೆ ಎಂದಿಟ್ಟುಕೊಳ್ಳಿ. ತಪಸ್ಸುಕಾಲದ ಧ್ಯಾನಕೂಟಕ್ಕೋ, ಹಬ್ಬದ ನವೇನಕ್ಕೋ ಅಲ್ಲಿ ದುಡಿಯುತ್ತಿರುವ ನಮ್ಮ ಕಡೆಯ ಬಾಂಧವರು ಪ್ರೀತಿಯಿಂದ ಕರೆದಿದ್ದಾರೆ. ಮೂರು ತಿಂಗಳಿಂದ ಅಭ್ಯಾಸ ನಡೆದಿದೆ. ಪಾಸ್‌ಪೋರ್ಟು, ವೀಸಾ, ಒಂದೇ ಬಣ್ಣದ ಸೀರೆಗಳು, ಹಾರ್ಮೋನಿಯಂ ಪೆಟ್ಟಿಗೆ ಎಲ್ಲವೂ ಸಿದ್ಧ. ಆದರೆ ಇಳಿದ ಮೊದಲ ದಿನ ಏನು ಮಾಡಬೇಕೆಂದು ಯಾರಾದರೂ ಯೋಚಿಸಿದ್ದೀರಾ?

ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯವನ್ನು ತೆರೆದು ಮುಂದಿಟ್ಟುಕೊಳ್ಳಿ. ಕ್ರಿ.ಶ. 50ರ ಆಸುಪಾಸಿನ ಘಟನೆ. ತ್ರೋವ ಎಂಬ ಬಂದರಿನಲ್ಲಿ ಸಂತ ಪೌಲರಿಗೆ ರಾತ್ರಿ ಒಂದು ದರ್ಶನವಾಗುತ್ತದೆ. ಮಕೆದೋನಿಯದವನೊಬ್ಬ ನಿಂತು, ಈಚೆ ದಡಕ್ಕೆ ಬಂದು ನಮಗೆ ನೆರವಾಗಿ ಎಂದು ಬೇಡುತ್ತಾನೆ. ಪೌಲ, ಸೀಲ, ತಿಮೊಥೇಯ ಹಡಗು ಹತ್ತುತ್ತಾರೆ. ಬರೆಯುತ್ತಿರುವ ಲೂಕ ಇಲ್ಲಿಂದ ‘ಅವರು’ ಎನ್ನುವುದನ್ನು ಬಿಟ್ಟು ‘ನಾವು’ ಎನ್ನತೊಡಗುವುದನ್ನು ಗಮನಿಸಿ. ಅವನೂ ಜೊತೆಗಿದ್ದನೆಂದು ಇದರಿಂದ ತಿಳಿಯುತ್ತೇವೆ. ಸಮೊಥ್ರಾಕೆ ದ್ವೀಪವನ್ನು ಮುಟ್ಟಿ, ಮರುದಿನ ನೆಯಾಪೊಲಿಯಲ್ಲಿ ಇಳಿದರು. ಅದು ಇಂದಿನ ಗ್ರೀಸ್ ದೇಶದ ಕವಾಲಾ ಪಟ್ಟಣ. ಅಲ್ಲಿಂದ ನಡೆದು ಫಿಲಿಪ್ಪಿಯನ್ನು ಸೇರಿದರು.

ಇಷ್ಟು ದೊಡ್ಡ ದರ್ಶನ ಕಂಡು ಬಂದವರು ಊರ ಚೌಕದಲ್ಲಿ ನಿಂತು ಕೂಡಲೇ ಬೋಧಿಸಿರಬೇಕು ಎಂದು ನಾವು ಎಣಿಸುತ್ತೇವೆ. ಲೂಕ ಹಾಗೆ ಬರೆದಿಲ್ಲ. ಅವರು ಆ ಊರಲ್ಲಿ ಕೆಲವು ದಿನ ಸುಮ್ಮನೆ ಉಳಿದುಕೊಂಡರು. ಸಬ್ಬತ್ ದಿನ ಬಂದಾಗ ಊರಬಾಗಿಲ ಹೊರಗೆ, ನದಿಯ ದಡದಲ್ಲಿ, ಜನ ಪ್ರಾರ್ಥನೆಗೆ ಸೇರುವ ಜಾಗ ಇರಬಹುದೆಂದು ಹುಡುಕಿಕೊಂಡು ಹೋದರು. ಅಲ್ಲಿದ್ದವರು ಕೆಲವು ಹೆಂಗಸರು. ಪೌಲರು ಅವರೊಡನೆ ಕುಳಿತು ಮಾತಾಡಿದರು. ದರ್ಶನದಲ್ಲಿ ಕರೆದವನು ಗಂಡಸು. ಮೊದಲು ಕಿವಿಗೊಟ್ಟವಳು ಲಿಡಿಯ ಎಂಬ ಬಟ್ಟೆ ವ್ಯಾಪಾರದ ಹೆಣ್ಣುಮಗಳು. ಅವಳೂ ಆ ಊರಿನವಳಲ್ಲ, ಥುವತೈರದಿಂದ ದುಡಿಮೆಗಾಗಿ ಬಂದು ನೆಲೆಸಿದವಳು!

ಕೊಲ್ಲಿಯಲ್ಲಿ ನಿಮ್ಮನ್ನು ಎದುರುಗೊಳ್ಳುವವರೂ ಲಿಡಿಯಳಂಥವರೇ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ವಿಮಾನ ನಿಲ್ದಾಣಕ್ಕೆ ಬಂದ ದಾದಿ, ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಒಂದೇ ಕೋಣೆಯಲ್ಲಿ ಆರು ಜನರೊಡನೆ ಬಾಳುವ ಚಾಲಕ, ತಾಯಿಯ ಮಣ್ಣಿಗೂ ಹೋಗಲಾಗದಿದ್ದ ಮಗ. ಇವರ ಮನೆಗಳಲ್ಲೇ ನೀವು ಉಳಿದುಕೊಳ್ಳುತ್ತೀರಿ. ಆದ್ದರಿಂದ ಮೊದಲ ದಿನ ಅಭ್ಯಾಸದ ಗೋಜಿಗೆ ಹೋಗಬೇಡಿ. ಕುಳಿತು ಅವರ ಮಾತು ಕೇಳಿ. ಅವರು ಇಲ್ಲಿ ಯಾವ ಹಾಡು ಹಾಡುತ್ತಾರೆ, ಯಾವ ರಾಗದಲ್ಲಿ ಹಾಡುತ್ತಾರೆ, ಯಾವ ಹಾಡಿಗೆ ಕಣ್ಣೀರಿಡುತ್ತಾರೆ ಎಂಬುದು ಆಗ ತಿಳಿಯುತ್ತದೆ. ನೀವು ಬರುವ ಮೊದಲೂ ಅವರು ಹಾಡುತ್ತಿದ್ದರಲ್ಲವೇ?

ಒಮ್ಮೆ ನಮ್ಮ ಧರ್ಮಕೇಂದ್ರಕ್ಕೇ ಹೊರಗಿನಿಂದ ಒಂದು ಹೆಸರಾಂತ ಗಾಯನ ವೃಂದ ಬಂದಿತ್ತು. ನಾಲ್ಕು ಸ್ವರಗಳಲ್ಲಿ ಸೊಗಸಾಗಿ ಹಾಡಿದರು. ನಾವೆಲ್ಲ ಪುಸ್ತಕ ಮುಚ್ಚಿ ನಿಂತಿದ್ದೆವು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಹೊರಗೆ ಬರುತ್ತಾ, “ಚೆನ್ನಾಗಿತ್ತಪ್ಪ, ಆದರೆ ಪೂಜೆಗೆ ಹೋದ ಹಾಗಾಗಲಿಲ್ಲ” ಎಂದರು. ಅಜ್ಜಿ ಹೇಳಿದ್ದು ಧರ್ಮಸಭೆಯ ಮಾತೇ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನವು ಗಾಯನ ವೃಂದಗಳನ್ನು ಬೆಳೆಸಬೇಕೆಂದು ಹೇಳಿದ ಜಾಗದಲ್ಲೇ, ಭಕ್ತಜನರೆಲ್ಲರೂ ಹಾಡಿನಲ್ಲಿ ಪಾಲ್ಗೊಳ್ಳುವಂತೆ ನೋಡಿಕೊಳ್ಳಬೇಕೆಂದೂ ಹೇಳುತ್ತದೆ (ಸಂಖ್ಯೆ 114). ಪವಿತ್ರ ಸಂಗೀತದ ಬಗ್ಗೆ 1967ರ ಮಾರ್ಚ್ 5ರಂದು ಬಂದ ಸೂಚನಾಪತ್ರ ಇನ್ನೂ ಖಂಡಿತವಾಗಿದೆ: ಜನರನ್ನು ಹೊರಗಿಟ್ಟು ಇಡೀ ಗಾಯನವನ್ನು ವೃಂದಕ್ಕೇ ಒಪ್ಪಿಸುವುದು ಸಲ್ಲದು. ಊರಿನಲ್ಲೇ ಇದು ತಪ್ಪಾದರೆ, ವಾರಕ್ಕೊಮ್ಮೆ ಮಾತ್ರ ತಾಯ್ನುಡಿಯಲ್ಲಿ ಬಾಯಿ ತೆರೆಯಲು ಕಾದಿರುವವರ ಎದುರು ಮಾಡಿದರೆ ಎಷ್ಟು ತಪ್ಪು! ಹಾಗೆಂದು ಮೂರು ತಿಂಗಳು ಕಲಿತದ್ದು ವ್ಯರ್ಥವಲ್ಲ. ಕಾಣಿಕೆಯ ಸಮಯಕ್ಕೋ, ಪರಮಪ್ರಸಾದದ ನಂತರದ ಮೌನಕ್ಕೋ ಒಂದೆರಡು ಹಾಡನ್ನು ಇಟ್ಟುಕೊಳ್ಳಿ. ಉಳಿದುದು ಜನರದು.

ಇನ್ನು ದೇಹದ ವಿಚಾರ. ವಿಮಾನದೊಳಗಿನ ಗಾಳಿ ಬಹಳ ಒಣ. ತೇವಾಂಶ ಎಷ್ಟೋ ಸಲ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಕೊಲ್ಲಿಯಲ್ಲಿ ಇಳಿದ ಮೇಲೂ ಎಲ್ಲೆಲ್ಲೂ ಹವಾನಿಯಂತ್ರಣ. ಗಂಟಲು ಒಣಗಿರುವಾಗ ಗಟ್ಟಿಯಾಗಿ ಹಾಡಿದರೆ ಮೂರನೆಯ ದಿನಕ್ಕೆ ದನಿಯೇ ಇರದು. ಆಗಾಗ ನೀರು ಕುಡಿಯಿರಿ. ಬಾಯಿ ಮುಚ್ಚಿ ಮೆಲ್ಲಗೆ ಗುನುಗಿದರೆ ಮೊದಲ ದಿನಕ್ಕೆ ಸಾಕು. ಪಿಸುಮಾತೂ ಗಂಟಲಿಗೆ ಒಳ್ಳೆಯದಲ್ಲ. ಒಣಗಾಳಿಗೆ ತಬಲದ ಚರ್ಮ ಬಿಗಿದು ಶ್ರುತಿ ಏರುತ್ತದೆ, ಆದ್ದರಿಂದ ಪೂಜೆಗೆ ಬಹಳ ಮುಂಚೆಯೇ ಅದನ್ನು ಒಳಗೆ ತಂದಿಡಿ. ಗಡಿಯಾರವನ್ನೂ ಸರಿಮಾಡಿಕೊಳ್ಳಿ: ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಎರಡೂವರೆ ಗಂಟೆ ಹಿಂದೆ.

ಆ ನಾಡಿನ ಕಟ್ಟಳೆಯನ್ನು ಗೌರವಿಸುವುದು ಸಹ ಸೇವೆಯ ಒಂದು ಭಾಗ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಮ್ಮ ಆರಾಧನೆಗೆ ಅವಕಾಶವಿದೆ. 2019ರ ಫೆಬ್ರವರಿ 5ರಂದು ಪೋಪ್ ಫ್ರಾನ್ಸಿಸ್ ಅಬುಧಾಬಿಯ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮೀರಿದ ಜನರ ನಡುವೆ ಬಲಿಪೂಜೆ ಅರ್ಪಿಸಿದ್ದನ್ನು ನೆನೆಯಿರಿ. ಆದರೆ ದಿನನಿತ್ಯದ ಆರಾಧನೆ ನಡೆಯುವುದು ದೇವಾಲಯದ ಆವರಣದೊಳಗೆ. ಉತ್ಸಾಹದಿಂದ ವಿಮಾನ ನಿಲ್ದಾಣದಲ್ಲೋ ಸಮುದ್ರ ದಂಡೆಯಲ್ಲೋ ಕೀರ್ತನೆ ಎತ್ತಿಕೊಳ್ಳಬೇಡಿ, ಧಾರ್ಮಿಕ ಪತ್ರಿಕೆಗಳನ್ನು ಹಂಚಬೇಡಿ. ಊರ ದೇವಾಲಯದ ಕಟ್ಟಡಕ್ಕೆಂದು ಹಣ ಎತ್ತಲು ಸರಕಾರದ ಅನುಮತಿ ಬೇಕು. ಅಲ್ಲಿನ ಗುರುಗಳನ್ನು ಕೇಳದೆ ರಸೀದಿ ಪುಸ್ತಕವನ್ನು ಚೀಲದಿಂದ ಹೊರತೆಗೆಯಲೇಬೇಡಿ. ನೀವು ನಾಲ್ಕು ದಿನದಲ್ಲಿ ಹಿಂದಿರುಗುತ್ತೀರಿ, ತೊಂದರೆ ಅನುಭವಿಸುವವರು ಅಲ್ಲಿ ಉಳಿಯುವವರು. ಪೂಜೆಯ ಹೊತ್ತೂ ಹಾಗೆಯೇ. ಒಂದೇ ದೇವಾಲಯದಲ್ಲಿ ಮಲಯಾಳಿಗಳು, ತಮಿಳರು, ಫಿಲಿಪ್ಪೀನ್ಸ್‌ನವರು, ಅರಬ್ಬಿ ಮಾತಿನವರು ಸರದಿಯಂತೆ ಬರುತ್ತಾರೆ. ನಿಮ್ಮ ಹಾಡು ಹತ್ತು ನಿಮಿಷ ಬೆಳೆದರೆ ಬಾಗಿಲ ಹೊರಗೆ ಬಿಸಿಲಲ್ಲಿ ನಿಂತವರು ಕಾಯಬೇಕು.

ಮತ್ತೆ ಫಿಲಿಪ್ಪಿಗೆ ಬರೋಣ. ಪೌಲ ಸೀಲರು ಹಾಡಿದ್ದು ಯಾವಾಗ? ಕಣಿ ಹೇಳುತ್ತಿದ್ದ ಒಬ್ಬ ದಾಸಿಯನ್ನು ಬಿಡುಗಡೆ ಮಾಡಿದ್ದರಿಂದ ಅವಳ ಒಡೆಯರ ಸಂಪಾದನೆ ನಿಂತುಹೋಯಿತು. ದೂರಾಯಿತು. ಬೆನ್ನಿಗೆ ಛಡಿಯೇಟು ಬಿದ್ದವು, ಕಾಲುಗಳನ್ನು ಕೋಳಕ್ಕೆ ಹಾಕಿದರು. ಆ ನಡುರಾತ್ರಿ, ಕತ್ತಲೆಯ ಒಳಕೋಣೆಯಲ್ಲಿ, ಅವರು ದೇವರಿಗೆ ಸ್ತುತಿ ಹಾಡಿದರು. ವಾದ್ಯವಿಲ್ಲ, ಸಮವಸ್ತ್ರವಿಲ್ಲ, ಕರೆಸಿದ ಶ್ರೋತೃಗಳಿಲ್ಲ. ಬೇರೆ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಎಂದು ಲೂಕ ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಭೂಕಂಪಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಮುಂದೆ ಅದೇ ಫಿಲಿಪ್ಪಿಯವರಿಗೆ ಪೌಲರು ಸೆರೆಯಿಂದ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ, ತನ್ನನ್ನೇ ಬರಿದು ಮಾಡಿಕೊಂಡ ಕ್ರಿಸ್ತರ ಕುರಿತ ಭಾಗವು ಆದಿ ಕ್ರೈಸ್ತರ ಒಂದು ಹಾಡೇ ಇದ್ದಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹೊರಡುವ ಮುನ್ನ ವೃಂದದವರೆಲ್ಲ ಸೇರಿ ಅದನ್ನು ಒಮ್ಮೆ ಓದಿಕೊಳ್ಳಿ.

ಮೊದಲ ದಿನದ ಸಂಜೆ ಊಟವಾದ ಮೇಲೆ ಮನೆಯ ಯಜಮಾನಿ ಖಂಡಿತ ಕೇಳುತ್ತಾರೆ: “ಒಂದು ಹಾಡು ಹೇಳಿ, ಮಗಾ.” ಆಗ ನಿಮ್ಮ ಕಾರ್ಯಕ್ರಮದ ಪಟ್ಟಿಯನ್ನು ನೋಡಬೇಡಿ. “ಅಮ್ಮಾ, ನಿಮಗೆ ಯಾವುದು ಬೇಕು?” ಎಂದು ಕೇಳಿ. ಅವರು ಹೆಸರಿಸುವುದು ಬಹುಶಃ ತಮ್ಮೂರಿನ ದೇವಾಲಯದಲ್ಲಿ ಮೊದಲ ಪರಮಪ್ರಸಾದದ ದಿನ ಹಾಡಿದ ಹಳೆಯ ಹಾಡು. ಮೊದಲ ಚರಣವನ್ನು ಅವರಿಗೇ ಬಿಡಿ. ಮರೆತಲ್ಲಿ ಮಾತ್ರ ದನಿ ಕೊಡಿ.