ಶುಂಠಿಗೆ ಕೊಟ್ಟ ಗದ್ದೆ, ಕೆರೆಗೆ ಇಳಿಯುವ ಔಷಧಿ

ಶಿಕಾರಿಪುರ, ಸೊರಬದ ಕಡೆ ಶುಂಠಿಗೆ ಗದ್ದೆ ಕೊಡುವಾಗ ಎಕರೆಗೆ ಎಷ್ಟು ಎಂಬುದೊಂದೇ ಮಾತು ನಡೆಯುತ್ತದೆ. ಆ ನೆಲಕ್ಕೆ ಏನೇನು ಸುರಿಯುತ್ತಾರೆಂದು ಕೇಳುವವರು ಕಡಿಮೆ. ಗಡ್ಡೆ ಕೊಳೆಗೆ ಮೆಟಲಾಕ್ಸಿಲ್, ಮ್ಯಾಂಕೋಜೆಬ್, ಕಾಪರ್ ಆಕ್ಸಿಕ್ಲೋರೈಡ್; ಹುಳುವಿಗೆ ಕ್ಲೋರ್‌ಪೈರಿಫಾಸ್; ಕಳೆಗೆ ಪ್ಯಾರಾಕ್ವಾಟ್. ಗಡ್ಡೆ ಕಿತ್ತ ಮೇಲೆ ಗದ್ದೆ ಹಿಡಿದವರು ಬೇರೆ ಊರಿಗೆ ಹೋಗುತ್ತಾರೆ. ಹೊಲ, ಬಾವಿ, ಕೆಳಗಿನ ಕೆರೆ ನಮ್ಮ ಪಾಲಿಗೇ ಉಳಿಯುತ್ತವೆ.

ಇವೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿಕೊಳ್ಳುತ್ತದೆ. ಜೋರು ಮಳೆಗೆ ಕೊಚ್ಚಿದ ಮಣ್ಣಿನ ಜೊತೆಯಲ್ಲೇ ಬಸಿಗಾಲುವೆ ದಾಟಿ ಕೆರೆಯ ಹೂಳು ಸೇರುತ್ತದೆ. ಮೀನು, ಏಡಿಗಳಿಗೆ ಅದು ಅತಿ ಕಡಿಮೆ ಪ್ರಮಾಣದಲ್ಲೂ ವಿಷ. ಮೆಕ್ಕೆಜೋಳದ ಕಳೆಗೆ ಹೊಡೆಯುವ ಅಟ್ರಾಜಿನ್, ರಸ ಹೀರುವ ಕೀಟಕ್ಕೆ ಬಳಸುವ ಇಮಿಡಾಕ್ಲೋಪ್ರಿಡ್ ನೀರಿನೊಂದಿಗೆ ಕೆಳಗಿಳಿದು ಅಂತರ್ಜಲ ಸೇರಬಲ್ಲವು. ತಾಮ್ರವಂತೂ ಕರಗಿ ಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಕೂಡುತ್ತಲೇ ಹೋಗುತ್ತದೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅದರ ಕಾಟ ಹೆಚ್ಚು.

ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು, ಸೊಂಟ ಹಿಡಿಯುವ ಕಾಯಿಲೆ ಕಂಡಾಗ, ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಮೊದಲು ಎದ್ದಿತು. ಮುಂದಿನ ಅಧ್ಯಯನಗಳು ಅದು ವಂಶದಲ್ಲಿ ಬರುವ ಕಾಯಿಲೆ ಎಂದು ತೋರಿಸಿದವು. ಹಾಗಾಗಿ ಎಲ್ಲ ಕಾಯಿಲೆಗೂ ಔಷಧಿಯನ್ನೇ ದೂರುವುದು ಸರಿಯಲ್ಲ. ಆದರೆ ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನವರು ಎಂಡೋಸಲ್ಫಾನಿನಿಂದ ಪಟ್ಟ ಪಾಡನ್ನು ಮರೆಯುವ ಹಾಗಿಲ್ಲ. ಅದನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರ ಮೇ ತಿಂಗಳಲ್ಲಿ. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. 2025ರಲ್ಲಿ ಆ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, ಕ್ಲೋರ್‌ಪೈರಿಫಾಸ್ ಬಂದಿದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದರಿಂದ ಧಕ್ಕೆ ಎಂಬುದು ದೊಡ್ಡ ಆತಂಕ. ಗರ್ಭಿಣಿಯರು ಔಷಧಿ ಬೆರೆಸುವ, ಹೊಡೆಯುವ ಜಾಗದಲ್ಲಿ ಇರಲೇಬಾರದು.

ಫೋರೇಟ್ ಹರಳನ್ನು ಇನ್ನೂ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧವಿದೆ.

ನನಗೆ ಹೆಚ್ಚು ಕಳವಳ ತರುವುದು ಸ್ಟ್ರೆಪ್ಟೊಸೈಕ್ಲಿನ್. ಶುಂಠಿಯ ದುಂಡಾಣು ಸೊರಗಿಗೆಂದು ಅದರಲ್ಲಿ ಬೀಜದ ಗಡ್ಡೆ ಅದ್ದುವವರಿದ್ದಾರೆ, ಬುಡಕ್ಕೆ ಹೊಯ್ಯುವವರೂ ಇದ್ದಾರೆ. ಅದರಲ್ಲಿರುವ ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯಕ್ಕೆ ಕೊಡುವ ಔಷಧಿ. ಹೊಲದಲ್ಲಿ ಪದೇ ಪದೇ ಬಿದ್ದರೆ ಮಣ್ಣು, ನೀರಿನ ಬ್ಯಾಕ್ಟೀರಿಯಾಗಳು ಅದಕ್ಕೆ ಬಗ್ಗದಂತಾಗುತ್ತವೆ. ಆ ಗುಣ ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟುತ್ತದೆ. ನಾಳೆ ಮನೆಯವರಿಗೆ ಸೋಂಕಾದಾಗ ಔಷಧಿಯೇ ಕೆಲಸ ಮಾಡದಿರಬಹುದು. ಹಾಕಿದರೂ ಸೊರಗು ನಿಲ್ಲುವ ಭರವಸೆ ಇಲ್ಲ. ರೋಗವಿಲ್ಲದ ಹೊಲದ ಬೀಜ, ಎತ್ತರದ ಏರುಮಡಿ, ನೀರು ನಿಲ್ಲದ ಬಸಿಗಾಲುವೆ, ಸೊರಗಿದ ಬುಡವನ್ನು ಮಣ್ಣುಸಮೇತ ಕಿತ್ತು ದೂರ ಹಾಕುವುದು, ಅದೇ ನೆಲಕ್ಕೆ ಕೆಲವು ವರ್ಷ ಶುಂಠಿ ಹಾಕದಿರುವುದು: ರೋಗ ತಡೆಯುವುದು ಇವೇ.

ಹೊಡೆಯುವವರ ಮೈಗೆ ವಿಷ ಹೆಚ್ಚಾಗಿ ಸೇರುವುದು ಚರ್ಮದಿಂದ. ಸೋರುವ ಪಂಪು ಬೆನ್ನು ನೆನೆಸುತ್ತದೆ, ಬರಿಗೈಯಲ್ಲಿ ಬೆರೆಸಿದರೆ ಗಟ್ಟಿ ಔಷಧಿಯೇ ಕೈಗೆ ತಗಲುತ್ತದೆ. ರಬ್ಬರ್ ಕೈಗವಸು, ಬೂಟು, ತುಂಬುತೋಳಿನ ಅಂಗಿ ಬೇಕು. ಆ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಯಬಾರದು. ಡಬ್ಬದ ಮೇಲಿನ ಕೆಂಪು ತ್ರಿಕೋನ ಅತ್ಯಂತ ವಿಷಕಾರಿ ಎಂಬುದರ ಗುರುತು. ನಂತರ ಹಳದಿ, ನೀಲಿ, ಹಸಿರು. ಜೊಲ್ಲು, ಬೆವರು, ವಾಂತಿ, ಉಸಿರಾಟದ ತೊಂದರೆ ಕಂಡರೆ 108ಕ್ಕೆ ಕರೆ ಮಾಡಿ, ಡಬ್ಬವನ್ನೂ ಆಸ್ಪತ್ರೆಗೆ ಒಯ್ಯಿರಿ. ಪ್ಯಾರಾಕ್ವಾಟಿಗೆ ಪ್ರತಿವಿಷವೇ ಇಲ್ಲ. ಅದನ್ನು ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ.

ಪಂಪು, ಡಬ್ಬಗಳನ್ನು ಕೆರೆಯಲ್ಲೂ ಬಾವಿಕಟ್ಟೆಯಲ್ಲೂ ತೊಳೆಯಬೇಡಿ. ಖಾಲಿ ಡಬ್ಬಕ್ಕೆ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಹೊಯ್ದು ಹೊಲಕ್ಕೆ ಹೊಡೆಯಿರಿ. ಡಬ್ಬಕ್ಕೆ ತೂತು ಮಾಡಿ. ಮಳೆಯ ಮೋಡ ಕಂಡ ದಿನ ಬುಡಕ್ಕೆ ಔಷಧಿ ಬೇಡ. ಬಸಿಗಾಲುವೆ ಕೆರೆ ಸೇರುವ ಮುನ್ನ ಒಂದು ಇಂಗುಗುಂಡಿಯನ್ನೂ ದಟ್ಟ ಹುಲ್ಲಿನ ಪಟ್ಟಿಯನ್ನೂ ಬಿಟ್ಟರೆ ಕೊಚ್ಚಿ ಬರುವ ಮಣ್ಣು ಬಹಳಷ್ಟು ಅಲ್ಲೇ ನಿಲ್ಲುತ್ತದೆ.

ಗದ್ದೆ ಕೊಡುವಾಗಿನ ಕರಾರಿನಲ್ಲೂ ಇದನ್ನು ಬರೆಸಿ: ಯಾವ ಔಷಧಿ, ಯಾವ ದಿನ, ಎಷ್ಟು ಎಂಬ ಪಟ್ಟಿ, ಖರೀದಿಯ ಬಿಲ್ಲಿನ ಪ್ರತಿ, ಖಾಲಿ ಡಬ್ಬ ಸಾಗಿಸುವ ಹೊಣೆ. ಆ ಪಟ್ಟಿ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೋದರೆ, ಮುಂದಿನ ಭತ್ತಕ್ಕೆ ಮೊದಲು ಮಣ್ಣಿನಲ್ಲಿ ಏನನ್ನು ಪರೀಕ್ಷೆ ಮಾಡಿಸಬೇಕೆಂದು ಕೇಳಿ ತಿಳಿಯಬಹುದು.